ಕನ್ನಡದಲ್ಲೊಂದು ಬೈಬಲ್ ಕಾಲಪಟ: ನಡುಭಾಗಕ್ಕೆ ಪೂರ್ತಿ ಅಂಕ, ಕೊನೆಯ ಒಂಬತ್ತು ಇಂಚಿಗೆ ತಕರಾರು

ಆದಾಮನಿಂದ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ತನಕ ಆರು ಅಡಿ ಉದ್ದದ ಒಂದೇ ಹಾಳೆ. ಮೇಲಿನ ಪಟ್ಟಿಯಲ್ಲಿ ಬೈಬಲ್. ಕೆಳಗಿನ ಪಟ್ಟಿಯಲ್ಲಿ ಐಗುಪ್ತ (ಈಜಿಪ್ಟ್), ಅಶ್ಶೂರ (ಅಸ್ಸೀರಿಯಾ), ಬಾಬೆಲ್ (ಬ್ಯಾಬಿಲೋನ್), ಪಾರಸಿಯ (ಪರ್ಷಿಯಾ), ಗ್ರೀಸ್, ರೋಮ್. ಇಂಗ್ಲಿಷಿನಲ್ಲಿ ಇಂಥ ಪಟಗಳು ಬೇಕಾದಷ್ಟಿವೆ. ಕನ್ನಡದಲ್ಲಿ ಒಂದು ಸಿಗಬಾರದಾ ಅಂತ ವರ್ಷಗಟ್ಟಲೆ ಹುಡುಕಿದ್ದೇನೆ. ಕೊನೆಗೆ ಶಿವಮೊಗ್ಗದಲ್ಲಿ ಕ್ರೈಸ್ತ ಸಭೆಯೊಂದರ ವಾರ್ಷಿಕ ಕೂಟಕ್ಕೆ ಹಾಕಿದ್ದ ಪುಸ್ತಕದ ಮಳಿಗೆಯಲ್ಲಿ ಸಿಕ್ಕಿತು. ಬೆಲೆ 750 ರೂಪಾಯಿ. ರಟ್ಟಿನ ಕೊಳವೆಯಲ್ಲಿ ಸುರುಳಿ ಸುತ್ತಿ ಕೊಡುತ್ತಾರೆ, ಜೊತೆಗೆ ಒಂದು ಸಣ್ಣ ಕೈಪಿಡಿ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಈಗ ನಿವೃತ್ತಿಯಾಗಿದೆ. ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ಕ್ಲಾಸು ನನ್ನದು. ಶಾಲೆಯಲ್ಲಿ ಸೈರಸ್ ಅಂತ ಓದಿದವನೇ ಬೈಬಲಿನ ಕೋರೆಷ, ಅರ್ಟಾಕ್ಸರ್ಕ್ಸಿಸ್ ಅಂದರೆ ಅರ್ತಷಸ್ತ ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಶಾಲೆಯ ಚರಿತ್ರೆ ಒಂದು ಕಡೆ, ಸಭೆಯ ಚರಿತ್ರೆ ಇನ್ನೊಂದು ಕಡೆ, ಎರಡೂ ಎಲ್ಲೂ ಸೇರುವುದೇ ಇಲ್ಲ ಅಂದುಕೊಂಡು ಬೆಳೆಯುತ್ತಾರೆ. ಈ ಪಟದಲ್ಲಿ ಪ್ರತಿ ರಾಜನಿಗೂ ಎರಡೂ ಹೆಸರು ಹಾಕಿದ್ದಾರೆ. ಆ ಒಂದು ಕೆಲಸಕ್ಕೇ ನಾನು ಇದನ್ನು ಕೊಂಡುಕೊಂಡೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ತುಂಬಾ ಚೆನ್ನಾಗಿದೆ. ಸೊಲೊಮೋನನಿಂದ ನೆಹೆಮೀಯನ ತನಕದ ಕಾಲಕ್ಕೆ ಪಟದ ಕೆಳಗೆ ಬೇರೆಯೇ ಒಂದು ದೊಡ್ಡ ಚೌಕ ಮಾಡಿದ್ದಾರೆ. ‘ಈ ಭಾಗವನ್ನು ದೊಡ್ಡದು ಮಾಡಿ ತೋರಿಸಿದೆ’ ಅಂತ ಬರೆದು, ಎಷ್ಟು ಇಂಚಿಗೆ ಎಷ್ಟು ವರ್ಷ ಅಂತಲೂ ಹೇಳಿದ್ದಾರೆ. ಅಲ್ಲಿ ಪ್ರತಿಯೊಂದು ಮುಖ್ಯ ಇಸವಿಗೂ ಒಂದು ಆಧಾರ ಇದೆ.

ಉದಾಹರಣೆಗೆ ಕ್ರಿ.ಪೂ. 763ರ ಜೂನ್ 15. ಅಶ್ಶೂರದವರು ವರ್ಷಕ್ಕೊಬ್ಬ ಅಧಿಕಾರಿಯ ಹೆಸರಿಡುತ್ತಿದ್ದರು. ಆ ಹೆಸರುಗಳ ಪಟ್ಟಿ ಮಣ್ಣಿನ ಫಲಕಗಳಲ್ಲಿ ಉಳಿದಿದೆ. ಬೂರ್‌ಸಗಾಲೆ ಎಂಬವನ ವರ್ಷದಲ್ಲಿ, ಸಿಮಾನು ತಿಂಗಳಲ್ಲಿ, ಸೂರ್ಯಗ್ರಹಣ ಆಯಿತು ಅಂತ ಅದರಲ್ಲಿದೆ. ಲೆಕ್ಕ ಹಾಕಿದರೆ ಆ ಗ್ರಹಣ ಬೀಳುವುದು 763ಕ್ಕೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿಕೊಂಡು ಹೋದರೆ ಅಶ್ಶೂರದ ರಾಜರ ಇಸವಿಗಳು ಗಟ್ಟಿಯಾಗುತ್ತವೆ. ಅವರ ಜೊತೆ ಹೆಸರು ಬರುವ ಇಸ್ರಾಯೇಲಿನ ರಾಜರ ಇಸವಿಗಳೂ ಗಟ್ಟಿಯಾಗುತ್ತವೆ. ಪಟದಲ್ಲಿ ಆ ಗ್ರಹಣಕ್ಕೆ ಒಂದು ಕಪ್ಪು ಚುಕ್ಕೆ ಇಟ್ಟು, ಅಲ್ಲಿಂದ ಸಣ್ಣ ಗೆರೆಗಳನ್ನು ಎಳೆದಿದ್ದಾರೆ. ನೋಡಿ ಬಹಳ ಸಂತೋಷವಾಯಿತು. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಂಥ ಊರುಗಳ ಶಾಸನಗಳಲ್ಲೂ ಗ್ರಹಣದ ದಿನ ದಾನ ಕೊಟ್ಟದ್ದು ಬರುತ್ತದೆ ಅಲ್ವಾ? ಗ್ರಹಣ ಹಿಡಿದು ಕಾಲ ತೂಗಿ ನೋಡುವುದು ಶಾಸನ ಓದುವವರಿಗೆ ಗೊತ್ತಿರುವ ದಾರಿ. ಅದೇ ದಾರಿ ಇಲ್ಲೂ.

ಇಸ್ರಾಯೇಲಿನ ರಾಜ ಅಹಾಬನಿಂದ ಅಲ್ಲಿನದೇ ರಾಜ ಯೇಹುವಿನ ತನಕದ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟ. ಅಶ್ಶೂರದ ರಾಜ ಮೂರನೆಯ ಶಲ್ಮನೆಸೆರನ ಕುರ್ಖ್ ಶಿಲೆಯಲ್ಲಿ, ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ ಅಹಾಬ 2,000 ರಥ, 10,000 ಕಾಲಾಳು ತಂದಿದ್ದ ಅಂತ ಬರೆದಿದೆ. 841ರಲ್ಲಿ ಯೇಹು ಅದೇ ಶಲ್ಮನೆಸೆರನಿಗೆ ಕಪ್ಪ ಕೊಟ್ಟ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕಪ್ಪು ಕಂಬದಲ್ಲಿ ಅದರ ಚಿತ್ರವೇ ಇದೆ. ನಡುವೆ 12 ವರ್ಷ. ಆದರೆ ಅರಸುಗಳು ಪುಸ್ತಕ ಓದಿದರೆ ಇಬ್ಬರ ಮಧ್ಯೆ ಅಹಜ್ಯ 2 ವರ್ಷ, ಯೋರಾಮ 12 ವರ್ಷ ಆಳಿದ್ದಾರೆ. ಒಟ್ಟು 14. ಎರಡು ವರ್ಷ ಜಾಸ್ತಿ ಎಲ್ಲಿಂದ ಬಂತು?

ಉತ್ತರ ಕೈಪಿಡಿಯಲ್ಲಿದೆ, ಸರಿಯಾಗಿಯೇ ಇದೆ. ಆಗ ಉತ್ತರದ ರಾಜ್ಯವಾದ ಇಸ್ರಾಯೇಲಿನಲ್ಲಿ ರಾಜ ಪಟ್ಟಕ್ಕೆ ಬಂದ ವರ್ಷವನ್ನೇ ಮೊದಲನೆಯ ವರ್ಷ ಅಂತ ಎಣಿಸುತ್ತಿದ್ದರು. ಸತ್ತ ರಾಜನ ಕೊನೆಯ ವರ್ಷವೂ ಅದೇ. ಹಾಗಾಗಿ ಒಂದೊಂದು ವರ್ಷ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅಹಜ್ಯನದು ನಿಜವಾಗಿ 1, ಯೋರಾಮನದು 11. ಕೂಡಿದರೆ 12. ಈ ಎಣಿಕೆಯ ರೀತಿಯನ್ನು ಎಡ್ವಿನ್ ಥೀಲೆ ಎಂಬ ವಿದ್ವಾಂಸರು 1951ರಲ್ಲಿ ಪುಸ್ತಕವಾಗಿ ತಂದರು. ಶಕ ವರ್ಷದಲ್ಲಿ ಗತ ವರ್ಷ, ವರ್ತಮಾನ ವರ್ಷ ಅಂತ ಎರಡು ರೀತಿ ಇರುವುದರಿಂದ ನಮ್ಮ ಶಾಸನಗಳಲ್ಲೂ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಬರೀ 78 ಕೂಡಿಸಿಬಿಟ್ಟರೆ ಮುಗಿಯುವುದಿಲ್ಲ. ಕ್ಲಾಸಿನಲ್ಲಿ ಎರಡನ್ನೂ ಒಟ್ಟಿಗೆ ಬೋರ್ಡಿನ ಮೇಲೆ ಬರೆದೆ. ಲೆಕ್ಕ ಅಂದರೆ ಓಡುವ ಹುಡುಗನೊಬ್ಬ ಎದ್ದು ಬಂದು ಉಳಿದ ರಾಜರನ್ನೂ ಕೂಡಿಸಿ ನೋಡಿದ. ಒಂದು ಪಟ ಮಾಡಬೇಕಾದ ಕೆಲಸ ಇದೇ.

ಯೆಹೂದದ ರಾಜ ಹಿಜ್ಕೀಯನ ಮೇಲೆ ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದದ್ದು 701. ಅವನ ಶಾಸನದಲ್ಲೇ 46 ಊರು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತಿದೆ. ಯೆರೂಸಲೇಮ್ ಹಿಡಿದೆ ಅಂತ ಮಾತ್ರ ಇಲ್ಲ. ಬಾಬೆಲಿನ ರಾಜ ನೆಬೂಕದ್ನೆಚ್ಚರ ಮೊದಲ ಸಲ ಯೆರೂಸಲೇಮನ್ನು ಹಿಡಿದದ್ದು ಕ್ರಿ.ಪೂ. 597ರ ಮಾರ್ಚ್ 16. ಬಾಬೆಲಿನ ಫಲಕದಲ್ಲಿ ತಿಂಗಳು, ದಿನ ಸಮೇತ ಇದೆ. ದೇವಾಲಯ ಸುಟ್ಟ ವರ್ಷಕ್ಕೆ ‘587 ಅಥವಾ 586’ ಅಂತ ಹಾಕಿದ್ದಾರೆ. ವಿದ್ವಾಂಸರಲ್ಲಿ ಅಲ್ಲಿ ಒಂದು ವರ್ಷದ ಜಗ್ಗಾಟ ಇರುವುದು ನಿಜ. ಅದನ್ನು ಮುಚ್ಚಿಡದೆ ಬರೆದದ್ದು ನನಗೆ ಬಹಳ ಹಿಡಿಸಿತು. ಕೋರೆಷನ ಕೈಗೆ ಬಾಬೆಲ್ ಬಿದ್ದದ್ದು 539, ಎರಡನೆಯ ದೇವಾಲಯ ಮುಗಿದದ್ದು 516ರ ಹೊತ್ತಿಗೆ. ಹೆರೋದ ರಾಜ ಸತ್ತದ್ದು ಕ್ರಿ.ಪೂ. 4 ಅಂತ ಬಹುಪಾಲು ವಿದ್ವಾಂಸರು ಒಪ್ಪುವುದರಿಂದ, ಅವನು ಬದುಕಿದ್ದಾಗ ಹುಟ್ಟಿದ ಯೇಸುವಿನ ಜನನ ಅದಕ್ಕೂ ಸ್ವಲ್ಪ ಮುಂಚೆ ಅಂತ ತೋರಿಸಿದ್ದಾರೆ. ಎಲ್ಲಾ ಸರಿ.

ಒಂದು ಕಡೆ ಎಡವಿದ್ದಾರೆ. 539ರ ಪಕ್ಕದಲ್ಲೇ ‘ಮೇದ್ಯನಾದ ದಾರ್ಯಾವೆಷ’ ಅಂತ ಕೋರೆಷನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ದಾನಿಯೇಲನ ಪುಸ್ತಕದಲ್ಲಿ ಅವನಿದ್ದಾನೆ. ಆದರೆ ಬಾಬೆಲಿನ ಫಲಕಗಳಲ್ಲಿ ಆ ಹೆಸರಿನ ರಾಜ ಆ ಹೊತ್ತಿನಲ್ಲಿ ಸಿಗುವುದಿಲ್ಲ. ಅವನು ಯಾರು ಅಂತ ದೊಡ್ಡ ಚರ್ಚೆಯೇ ಇದೆ. ಒಂದು ಪ್ರಶ್ನೆ ಚಿಹ್ನೆ ಸಾಕಿತ್ತು. ಅದೇ ಪುಸ್ತಕದಲ್ಲಿ ಬರುವ ಬೇಲ್ಶಚ್ಚರನ ವಿಷಯದಲ್ಲಿ ಹಾಗಲ್ಲ. ಅವನು ನಬೋನಿದಸ್ ರಾಜನ ಮಗ ಅಂತ ಫಲಕಗಳಲ್ಲಿ ಸಿಕ್ಕಿದೆ, ಅದನ್ನು ಪಟದಲ್ಲೂ ಹೇಳಿದ್ದಾರೆ.

ಇನ್ನು ಎಡಗಡೆಯ ತುದಿ. ಸೃಷ್ಟಿ ಕ್ರಿ.ಪೂ. 4004. ಇದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಪ್ರಕಟಿಸಿದ ಲೆಕ್ಕ. ಮುಂದೆ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚಾಗಿ, ಬೈಬಲಿನದೇ ಮಾತೇನೋ ಅನ್ನುವಷ್ಟು ಜನರ ಬಾಯಲ್ಲಿ ಉಳಿಯಿತು. ಅಶರ್ ಸುಮ್ನೆ ಊಹೆ ಮಾಡಿದವರಲ್ಲ. ತುಂಬಾ ಓದಿದವರು, ಕಷ್ಟಪಟ್ಟು ಲೆಕ್ಕ ಹಾಕಿದವರು. ಅವರ ಹೆಸರನ್ನಾದರೂ ಪಟದಲ್ಲಿ ಹಾಕಬೇಕಿತ್ತು. ಹಾಕಿಲ್ಲ. 4004 ಅನ್ನುವುದು 597ರಷ್ಟೇ ದಪ್ಪ ಅಕ್ಷರದಲ್ಲಿದೆ.

ಇದರಿಂದ ಏನಾಗುತ್ತದೆ ನೋಡಿ. ಆದಿಕಾಂಡದ ಹೀಬ್ರೂ ಪಾಠದಲ್ಲಿ ಆದಾಮನಿಂದ ಜಲಪ್ರಳಯಕ್ಕೆ 1656 ವರ್ಷ. ಕಳೆದರೆ ಜಲಪ್ರಳಯ ಕ್ರಿ.ಪೂ. 2348. ಪಟದಲ್ಲೂ ಅದೇ ಇದೆ. ಆದರೆ ಐಗುಪ್ತದ ದೊಡ್ಡ ಪಿರಮಿಡ್ಡನ್ನು ಖೂಫು ಕಟ್ಟಿಸಿದ್ದು ಸುಮಾರು 2560ರ ಹೊತ್ತಿಗೆ. ಹರಪ್ಪ, ಮೊಹೆಂಜೊದಾರೋ ಊರುಗಳು ಏಳಿಗೆಯಲ್ಲಿದ್ದದ್ದು 2600ರಿಂದ 1900ರ ತನಕ. 2348 ಬೀಳುವುದು ಪಿರಮಿಡ್ ಎದ್ದ ಮೇಲೆ, ಹರಪ್ಪದ ಏಳಿಗೆಯ ನಡುವೆ. ಕೆಳಗಿನ ಪಟ್ಟಿಯಲ್ಲಿ ಪಿರಮಿಡ್ ಇಲ್ಲ. ಹರಪ್ಪ ಇಲ್ಲವೇ ಇಲ್ಲ. ಐಗುಪ್ತದ ಪಟ್ಟಿ ಶುರುವಾಗುವುದೇ ಜಲಪ್ರಳಯ ಆದಮೇಲೆ. ಹರಪ್ಪದ ಪಾಠ ನಮ್ಮ ಮಕ್ಕಳು ಶಾಲೆಯಲ್ಲಿ ಓದಿಯೇ ಇರುತ್ತಾರೆ. ಅವರು ಈ ಪಟದ ಮುಂದೆ ನಿಂತು ಹುಡುಕಿದಾಗ ಅದು ಕಾಣದಿದ್ದರೆ ಏನಂದುಕೊಳ್ಳಬೇಕು? ಎರಡು ಲೆಕ್ಕ ಹೊಂದದೇ ಇದ್ದಾಗ ಒಂದನ್ನು ಗೋಡೆಯಿಂದ ತೆಗೆದುಬಿಡುವುದು ಪಾಠ ಹೇಳುವವರು ಮಾಡುವ ಕೆಲಸ ಅಲ್ಲ.

ಮಜಾ ಏನೆಂದರೆ ಬೈಬಲಿನ ಒಳಗೇ ಒಂದಕ್ಕಿಂತ ಹೆಚ್ಚು ಲೆಕ್ಕ ಇದೆ. ಕ್ರಿಸ್ತನಿಗಿಂತ ಮುಂಚೆಯೇ ಗ್ರೀಕಿಗೆ ಬಂದ ಸೆಪ್ಟುಅಜಿಂಟ್ ಪಾಠದಲ್ಲಿ, ಈ ಲೆಕ್ಕಕ್ಕೆ ಆಧಾರವಾದ ಆದಾಮನ ವಂಶದ ಪಿತೃಗಳ ವಯಸ್ಸುಗಳು ಬೇರೆ. ಅದರ ಪ್ರಕಾರ ಜಲಪ್ರಳಯಕ್ಕೆ ಮುಂಚಿನ ಕಾಲವೇ ಆರುನೂರು ವರ್ಷದ ಹತ್ತಿರ ಜಾಸ್ತಿಯಾಗುತ್ತದೆ. ಆದಿಸಭೆಯ ಎಷ್ಟೋ ಜನ ಅದನ್ನೇ ಓದುತ್ತಿದ್ದರು. ವಿಮೋಚನೆಯ, ಅಂದರೆ ಇಸ್ರಾಯೇಲರು ಐಗುಪ್ತದ ದಾಸತ್ವ ಬಿಟ್ಟು ಹೊರಟ, ಇಸವಿಯ ಕಥೆಯೂ ಹೀಗೇ. ಸೊಲೊಮೋನ ದೇವಾಲಯ ಶುರು ಮಾಡಿದ್ದು ಐಗುಪ್ತ ಬಿಟ್ಟ 480ನೇ ವರ್ಷ ಅಂತ ಒಂದನೆಯ ಅರಸುಗಳು 6ನೇ ಅಧ್ಯಾಯದಲ್ಲಿದೆ. ಕ್ರಿ.ಪೂ. 966ಕ್ಕೆ 480 ಕೂಡಿಸಿದರೆ 1446. ಪಟದಲ್ಲಿ ಇದೊಂದೇ ಇದೆ. ಗ್ರೀಕ್ ಪಾಠದಲ್ಲಿ ಅದೇ ವಚನದಲ್ಲಿ 440 ಅಂತಿದೆ. ವಿಮೋಚನಕಾಂಡ 1ನೇ ಅಧ್ಯಾಯದಲ್ಲಿ ರಾಮ್ಸೇಸ್ ಎಂಬ ಊರು ಬರುವುದರಿಂದ ಎರಡನೆಯ ರಾಮ್ಸೆಸ್ ರಾಜನ ಕಾಲ, ಅಂದರೆ 13ನೇ ಶತಮಾನ, ಅನ್ನುವವರು ಬಹಳ ಜನ ಇದ್ದಾರೆ. ಆಗಲೇ ಇಸ್ರಾಯೇಲ್ ಎಂಬ ಜನ ಕಾನಾನಿನಲ್ಲಿ ಇದ್ದರು ಅಂತ ಹೇಳುವ ಐಗುಪ್ತದ ರಾಜ ಮೆರ್ನೆಪ್ಟಾನ ಶಿಲೆ ಸುಮಾರು 1208ರದ್ದು. ಆ ಶಿಲೆ ಪಟದಲ್ಲಿದೆ, ಆದರೆ ಅದು ಯಾಕೆ ಮುಖ್ಯ ಅಂತ ಹೇಳಿಲ್ಲ.

ತಾಳಗುಂದದ ಕಂಬ ನೋಡಿದವರಿಗೆ ಗೊತ್ತಿರಬಹುದು. ಕದಂಬರ ಅಷ್ಟು ದೊಡ್ಡ ಶಾಸನದಲ್ಲಿ ಇಸವಿಯೇ ಇಲ್ಲ. ಅಕ್ಷರದ ರೂಪ, ರಾಜರ ಹೆಸರು ನೋಡಿಕೊಂಡು ‘ಸುಮಾರು 5ನೇ ಶತಮಾನ’ ಅನ್ನುತ್ತೇವೆ. ‘ಸುಮಾರು’ ಅಂದಿದ್ದಕ್ಕೆ ಆ ಕಂಬದ ಬೆಲೆ ಕಡಿಮೆಯಾಗಿಲ್ಲ.

ಈಗ ಬಲಗಡೆಯ ತುದಿಗೆ ಬರುತ್ತೇನೆ. ನನ್ನ ನಿಜವಾದ ಸಂಕಟ ಇಲ್ಲಿದೆ.

ದಾನಿಯೇಲನ ಪುಸ್ತಕದ 9ನೇ ಅಧ್ಯಾಯದಲ್ಲಿ ಎಪ್ಪತ್ತು ವಾರಗಳ ಮಾತಿದೆ. ಒಂದು ವಾರ ಅಂದರೆ ಏಳು ವರ್ಷ ಅಂತ ಹಿಡಿದು, ಅಭಿಷಿಕ್ತ ಬರುವ ತನಕದ ಏಳು ಮತ್ತು ಅರವತ್ತೆರಡು ವಾರ ಸೇರಿಸಿದರೆ 483 ವರ್ಷ. ಆ ಅಭಿಷಿಕ್ತ ಯೇಸುವೇ ಅಂತ ಪಟದವರ ಓದು. ಎಲ್ಲಿಂದ ಎಣಿಸಬೇಕು? ಪಟದಲ್ಲಿ ಎರಡು ಗೆರೆ ಇದೆ. ಒಂದು ಅರ್ತಷಸ್ತನ 7ನೇ ವರ್ಷದಿಂದ, ಕ್ರಿ.ಪೂ. 457. ಅದು ಮುಟ್ಟುವುದು ಕ್ರಿ.ಶ. 26 ಅಂತ ಅಚ್ಚು ಹಾಕಿದ್ದಾರೆ. ಇದು ತಪ್ಪು. ಕ್ರಿ.ಪೂ. 1 ಆದಮೇಲೆ ಸೀದಾ ಕ್ರಿ.ಶ. 1. ಮಧ್ಯೆ ಸೊನ್ನೆ ವರ್ಷ ಇಲ್ಲ. ಹಾಗಾಗಿ 27 ಬರಬೇಕು. ಎರಡನೆಯ ಗೆರೆ ಅರ್ತಷಸ್ತನ 20ನೇ ವರ್ಷದಿಂದ, 445. ಮಾಮೂಲಿ ವರ್ಷದಲ್ಲಿ ಎಣಿಸಿದರೆ ಅದು ಕ್ರಿ.ಶ. 39ಕ್ಕೆ ಹೋಗಿಬಿಡುತ್ತದೆ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತ ಅಷ್ಟರಲ್ಲಿ ಯೆಹೂದದ ಅಧಿಕಾರ ಬಿಟ್ಟಾಗಿತ್ತು. ಅದಕ್ಕೆ ಇಲ್ಲಿ ವರ್ಷಕ್ಕೆ 360 ದಿನ ಅಂತ ಹಿಡಿದಿದ್ದಾರೆ. 483ನ್ನು 360ರಿಂದ ಗುಣಿಸಿದರೆ 1,73,880 ದಿನ. ಅಂದರೆ ನಮ್ಮ 476 ವರ್ಷ. ಸರಿಯಾಗಿ ಕ್ರಿ.ಶ. 32. ಇದು ರಾಬರ್ಟ್ ಆಂಡರ್ಸನ್ ಎಂಬವರು 19ನೇ ಶತಮಾನದಲ್ಲಿ ಹಾಕಿದ ಲೆಕ್ಕ. ಪ್ರಕಟನೆಯಲ್ಲಿ 42 ತಿಂಗಳು, 1,260 ದಿನ ಎರಡೂ ಒಂದೇ ಕಾಲ ಅಂತ ಬರುವುದು ಅದಕ್ಕೆ ಆಧಾರ.

ಲೆಕ್ಕ ಚೆನ್ನಾಗಿದೆ. ಆದರೆ ಒಂದೇ ಹಾಳೆಯಲ್ಲಿ ಒಂದು ಗೆರೆಗೆ 365 ದಿನದ ವರ್ಷ, ಅದರ ಕೆಳಗಿನ ಗೆರೆಗೆ 360 ದಿನದ ವರ್ಷ. ಎರಡೂ ಸರಿ ಅಂತ ಎರಡಕ್ಕೂ ಹಸಿರು ಬಣ್ಣ. 360 ದಿನದ ವರ್ಷ ಎಂಬುದನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿದ್ದಾರೆ. ಇದೇ 9ನೇ ಅಧ್ಯಾಯವನ್ನು ಕ್ರಿ.ಪೂ. 167ರಲ್ಲಿ ದೇವಾಲಯವನ್ನು ಅಪವಿತ್ರ ಮಾಡಿದ ಗ್ರೀಕ್ ರಾಜ ನಾಲ್ಕನೆಯ ಅಂತಿಯೋಕನಿಗೆ ಸೇರಿಸಿ ಓದುವವರಿದ್ದಾರೆ. ಕ್ರಿಸ್ತನಲ್ಲೇ ಎಲ್ಲಾ ನೆರವೇರಿತು, ಕ್ರಿ.ಶ. 70ರಲ್ಲಿ ರೋಮಿನವರು ದೇವಾಲಯ ಕೆಡವಿದ್ದು ಅದರ ಮುಂದುವರಿಕೆ ಅನ್ನುವವರಿದ್ದಾರೆ. ಕೊನೆಯ ಒಂದು ವಾರ ಇನ್ನೂ ಬಾಕಿ ಇದೆ, ನಡುವೆ ದೊಡ್ಡ ತೆರಪು ಇದೆ ಅನ್ನುವವರೂ ಇದ್ದಾರೆ. ಮೂರು ಓದಿಗೂ ಭಕ್ತಿಯಿಂದ ಬೈಬಲ್ ಓದುವವರೇ ಬಂದಿದ್ದಾರೆ. ಪಟದಲ್ಲಿ ಇರುವುದು ಮೂರನೆಯದು ಮಾತ್ರ.

ಆಮೇಲೆ 1948. ಇಸ್ರೇಲ್ ದೇಶ ಹುಟ್ಟಿದ ವರ್ಷ. ಅಲ್ಲಿಯ ತನಕ ಮುಖ್ಯ ಪಟ್ಟಿಯಲ್ಲಿ ಒಂದು ಇಂಚಿಗೆ ನೂರು ವರ್ಷ. ಅಲ್ಲಿಂದ ಮುಂದೆ ಕೊನೆಯ ಒಂಬತ್ತು ಇಂಚಿನಲ್ಲಿ ನೂರು ವರ್ಷವೂ ಇಲ್ಲ. ಸ್ಕೇಲು ಇಟ್ಟು ಅಳೆದೇ ಹೇಳುತ್ತಿದ್ದೇನೆ. ನಡುವಿನ ಚೌಕದಲ್ಲಿ ದೊಡ್ಡದು ಮಾಡಿದ್ದನ್ನು ಬರೆದವರು ಇಲ್ಲಿ ಬರೆದಿಲ್ಲ. ಹಾಗಾಗಿ ನಮ್ಮ ಕಾಲವೇ ಚರಿತ್ರೆಯ ಎಲ್ಲಾ ಕಾಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1948ರಿಂದ 80 ವರ್ಷದ ಒಂದು ಕೆಂಪು ಪಟ್ಟಿ ಎಳೆದು ‘ಈ ತಲೆಮಾರು’ ಅಂತ ಬರೆದಿದ್ದಾರೆ. ಇದೆಲ್ಲಾ ಆಗುವ ತನಕ ಈ ತಲೆಮಾರು ಅಳಿದುಹೋಗುವುದಿಲ್ಲ ಅನ್ನುವ ಯೇಸುವಿನ ಮಾತನ್ನು ಹಿಡಿದು, ಅಷ್ಟರೊಳಗೆ ಕ್ರಿಸ್ತ ಮತ್ತೆ ಬಂದು ಈ ಲೋಕ ಮುಗಿಯುತ್ತದೆ ಅನ್ನುವ ಸೂಚನೆ ಅದು. ಇಸವಿ ಹಾಕಿಲ್ಲ. ಆದರೆ 1948ಕ್ಕೆ 80 ಕೂಡಿಸಲು ಯಾರಿಗೆ ಬರುವುದಿಲ್ಲ ಹೇಳಿ?

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಕೂಡಿಸಿದಳು. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ, ತೀರ್ಥಹಳ್ಳಿ ಕಡೆಯವಳು. ಕ್ಲಾಸು ಮುಗಿದ ಮೇಲೆ ನಿಧಾನಕ್ಕೆ ಬಂದು ಕೇಳಿದಳು, ‘ಮಿಸ್, 2028 ಅಂದ್ರೆ ಹತ್ರಾನೇ ಬಂತಲ್ಲ. ಹಂಗಾದ್ರೆ ನಾನು ಡಿಗ್ರಿಗೆ ಸೇರೋದೇ ಬೇಡ್ವಾ?’ ಕೂರಿಸಿಕೊಂಡು ಮಾತಾಡಿದೆ. ಅವಳ ಅಪ್ಪನೂ ಈ ಪಟ ನೋಡಿದ್ದಾರಂತೆ, ಇನ್ನು ಫೀಸು ಯಾಕೆ ಅಂದಿದ್ದಾರಂತೆ. ಅವರು ತಮಾಷೆಗೆ ಅಂದರೋ ನಿಜವಾಗಿ ಅಂದರೋ ಅವಳಿಗೆ ತಿಳಿದಿಲ್ಲ. ಮುಂದಿನ ವಾರ ನಾನೇ ಅವರ ಹತ್ತಿರ ಹೋಗಿ, ‘ಅಣ್ಣಾ, ಮಗಳನ್ನ ಓದಿಸಿ, ಪಟದ ಲೆಕ್ಕ ನಾನು ಹೇಳ್ತೀನಿ’ ಅಂದೆ.

ಅವರಿಗೆ ನಾನು ಹೇಳಿದ ಲೆಕ್ಕ ಇದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಇದ್ದರು. ದಾನಿಯೇಲ 8ನೇ ಅಧ್ಯಾಯದ 2,300 ದಿನಗಳನ್ನು ವರ್ಷ ಅಂತ ಹಿಡಿದು ಇದೇ 457ರಿಂದ ಎಣಿಸಿದರು. ಕ್ರಿಸ್ತ ಮತ್ತೆ ಬರುವುದು ಮೊದಲು 1843ರ ಸುತ್ತಮುತ್ತ ಅಂದರು. ಕೊನೆಗೆ ಅವರ ಕಡೆಯವರು 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತು ಮಾಡಿದರು. ಬೆಳೆ ಕೊಯ್ಯದೆ ಬಿಟ್ಟವರಿದ್ದರು, ಆಸ್ತಿ ಮಾರಿದವರಿದ್ದರು. ಆ ದಿನ ಬಂತು, ಹೋಯಿತು. ಇತ್ತೀಚೆಗೆ ಒಂದು ತಲೆಮಾರು ಅಂದರೆ 40 ವರ್ಷ ಅಂತ 1948ಕ್ಕೆ 40 ಕೂಡಿಸಿ 1988 ಅಂದರು. ಅದೂ ಹೋಯಿತು. ಈಗ 40ರ ಜಾಗಕ್ಕೆ, ಮನುಷ್ಯನ ಆಯುಸ್ಸು ಎಪ್ಪತ್ತು, ಬಲವಿದ್ದರೆ ಎಂಬತ್ತು ಅನ್ನುವ 90ನೇ ಕೀರ್ತನೆಯಿಂದ 80 ಬಂದಿದೆ. ಅಶರ್ ಲೆಕ್ಕದಲ್ಲಿ ಸೃಷ್ಟಿಯಾಗಿ 6,000 ವರ್ಷ ತುಂಬುವುದು ಕ್ರಿ.ಶ. 1997ಕ್ಕೆ. ಇದೇ ಪಟದ ಮೇಲ್ಗಡೆ ‘6,000 ವರ್ಷ, ನಂತರ ವಿಶ್ರಾಂತಿ’ ಅಂತ ಬಾಣ ಇದೆ. ಪಟದವರು ತಮ್ಮದೇ 4004ರಿಂದ ಎಣಿಸಿದ್ದರೆ ಅದು ಆಗಲೇ ದಾಟಿದೆ ಅಂತ ಅವರಿಗೇ ಗೊತ್ತಾಗುತ್ತಿತ್ತು.

ಕ್ರಿಸ್ತ ಬರುತ್ತಾನೆ ಅಂತ ನಾನು ನಂಬುತ್ತೇನೆ. ಪ್ರತಿ ಭಾನುವಾರ ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತ ಮಾರ್ಕನ 13ನೇ ಅಧ್ಯಾಯದಲ್ಲಿ ಅವನೇ ಹೇಳಿದ್ದಾನೆ. ಆ ವಚನ ಈ ಆರು ಅಡಿಯಲ್ಲಿ ಎಲ್ಲೂ ಇಲ್ಲ. ಮೂಲೆ ಮೂಲೆ ಹುಡುಕಿದೆ.

ಸಾಮಾನಿನ ಗುಣಮಟ್ಟದ ಬಗ್ಗೆಯೂ ಎರಡು ಮಾತು. ಕಾಗದ ದಪ್ಪ ಇದೆ, ಬಣ್ಣ ಚೆನ್ನಾಗಿದೆ. ಹಸಿರಿನ ಮೇಲೆ ಕೆಂಪು ಅಕ್ಷರ ಮಾತ್ರ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಲ್ಯಾಮಿನೇಶನ್ ಮಲೆನಾಡಿನ ಮಳೆಗೆ ಸಾಲದು. ಜುಲೈ ಮುಗಿಯುವಷ್ಟರಲ್ಲಿ ಅಂಚು ಬಿಟ್ಟುಕೊಂಡು ಒಳಗೆ ತೇವ ಹೋಯಿತು, ಕೆಳಗಿನ ಮೂಲೆಗೆ ಬೂಷ್ಟು ಹಿಡಿಯಿತು. ಥಂಡಿ ಗೋಡೆಗೆ ಸೀದಾ ಅಂಟಿಸಬೇಡಿ. ಹಿಂದೆ ಮರದ ಪಟ್ಟಿ ಕೊಟ್ಟು, ಗಾಳಿ ಆಡುವ ಹಾಗೆ ತೂಗುಹಾಕಿ. ನಾನು ಈಗ ಹಾಗೇ ಮಾಡಿದ್ದೇನೆ. ಅಚ್ಚಿನ ತಪ್ಪುಗಳು ಅಲ್ಲಲ್ಲಿ ಇವೆ, ಓದಲು ತೊಂದರೆ ಇಲ್ಲ. ಆದರೆ ತಯಾರಿಸಿದವರ ಹೆಸರಾಗಲಿ, ಅಚ್ಚಾದ ವರ್ಷವಾಗಲಿ ಎಲ್ಲೂ ಇಲ್ಲ. ಇಸವಿಗಳ ಪಟದಲ್ಲೇ ಇಸವಿ ಇಲ್ಲದಿದ್ದರೆ ಹೇಗೆ?

ತಯಾರಿಸಿದವರಿಗೆ ಮುಟ್ಟಲಿ ಅಂತ ಮಳಿಗೆಯವರ ಕೈಯಲ್ಲಿ ಒಂದು ಪತ್ರ ಕೊಟ್ಟಿದ್ದೇನೆ. ಹೊರಗಿನ ದಾಖಲೆ ಇರುವ ಇಸವಿಗೆ ಒಂದು ಬಣ್ಣ, ಬೈಬಲಿನ ಒಳಗಿನ ಲೆಕ್ಕದಿಂದ ಬಂದದ್ದಕ್ಕೆ ಇನ್ನೊಂದು, ವ್ಯಾಖ್ಯಾನಕ್ಕೆ ಮತ್ತೊಂದು ಬಣ್ಣ ಹಾಕಿ. 26ನ್ನು 27 ಮಾಡಿ. ಪಿರಮಿಡ್, ಹರಪ್ಪ ಎರಡನ್ನೂ ಅವುಗಳ ಜಾಗದಲ್ಲಿ ಇಡಿ. ದಾನಿಯೇಲ 9ಕ್ಕೆ ಮೂರು ಓದನ್ನೂ ಕೊಡಿ. ಕೆಂಪು ಪಟ್ಟಿ ತೆಗೆದು ಅಲ್ಲಿ ಮಾರ್ಕ 13ರ ವಚನ ಹಾಕಿ. ಇಷ್ಟು ಮಾಡಿದರೆ ಜಿಲ್ಲೆಯ ಪ್ರತಿ ಸಂಡೇ ಸ್ಕೂಲಿಗೂ ಒಂದೊಂದು ಕೊಡಿಸಿ ಅಂತ ನಾನೇ ಎಲ್ಲರಿಗೂ ಹೇಳುತ್ತೇನೆ.

ಅಲ್ಲಿಯ ತನಕ ಕೊಳ್ಳಬಹುದಾ ಅಂತ ಕೇಳಿದರೆ, ಪಾಠ ಹೇಳುವವರು ಕೊಳ್ಳಿ. ನಡುವಿನ ಚೌಕ ಒಂದಕ್ಕೇ 750 ರೂಪಾಯಿ ಸಲ್ಲುತ್ತದೆ, ಕನ್ನಡದಲ್ಲಿ ಅಷ್ಟು ಚೊಕ್ಕವಾಗಿ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮನೆಯ ಗೋಡೆಗೆ, ಮಕ್ಕಳು ಒಬ್ಬೊಬ್ಬರೇ ನೋಡುವ ಕಡೆ ಮಾತ್ರ ಈಗಲೇ ಹಾಕಬೇಡಿ. ನನ್ನ ಕ್ಲಾಸಿನಲ್ಲಿರುವ ಪಟದಲ್ಲಿ ಕೊನೆಯ ಒಂಬತ್ತು ಇಂಚನ್ನು ಹಿಂದಕ್ಕೆ ಮಡಚಿ ಕ್ಲಿಪ್ಪು ಹಾಕಿದ್ದೇನೆ. ಪಕ್ಕದಲ್ಲಿ ಡ್ರಾಯಿಂಗ್ ಹಾಳೆಯಲ್ಲಿ ಆ ಮೂರು ಓದನ್ನೂ ಮಕ್ಕಳ ಕೈಯಲ್ಲೇ ಬರೆಸುತ್ತಿದ್ದೇನೆ. ಅಂತಿಯೋಕನ ಭಾಗವನ್ನು ಬರೆಯುತ್ತಿರುವುದು ಆ ತೀರ್ಥಹಳ್ಳಿ ಕಡೆಯ ಹುಡುಗಿ.